ಆಟಿ ತಿಂಗಳ ಒಲಿಂಪಿಕ್ಸ್

ಇವತ್ತು ಬೆಳಿಗ್ಗೆ ಟಿ.ವಿ.ಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ಹಾಕಿಕೊಂಡು ಮನೆ ಗುಡಿಸುತ್ತಿದ್ದೆ. ಈ ಊರಿನಲ್ಲಿ ಗುಡಿಸುವುದೆಂದರೆ ವ್ಯಾಕ್ಯೂಮ್ ಕ್ಲೀನರನ್ನು ಹಟಮಾರಿ ಕರುವಿನ ಹಾಗೆ ಎಳೆದಾಡುವುದು. ಹಳೆಯ ಹಸಿರು ಕುರ್ಚಿಯ ಸಂದಿಗೆ ಅದರ ಮೂತಿ ತೂರಿಸಿದ್ದೇ ತಡ, ಕೊಳವೆಯೊಳಗೆ ಏನೋ ಕಟಕಟ ಎಂದು ಓಡಿತು. ಯಾವುದೋ ಗುಂಡಿ ಇರಬೇಕೆಂದುಕೊಂಡು ಚೀಲ ಬಿಚ್ಚಿ, ಪೇಪರಿನ ಮೇಲೆ ಧೂಳು ಸುರಿದು ಕೆದಕಿದೆ. ಗುಂಡಿಯಲ್ಲ, ಒಂದು ಕೆಂಪು ಮಂಜೊಟ್ಟಿ ಕಾಯಿ. ಸೆರಗಿನಲ್ಲಿ ಒರೆಸಿದರೆ ಫಳಫಳ ಹೊಳೆಯಿತು. ನಾನು ನೆಲದ ಮೇಲೇ ಕೂತುಬಿಟ್ಟೆ. ಅಷ್ಟು ಸಣ್ಣ ಕಾಯಿಗೆ ಇಷ್ಟು ದೊಡ್ಡ ಹೆಂಗಸು ಕೂರಬೇಕಾದರೆ ಕಾರಣ ಇರಲೇಬೇಕಲ್ಲ? ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಚಾಳಿ, ಸಹಿಸಿಕೊಳ್ಳಿ.

ನಾವು ಲಂಡನ್ನಿನ ಈಸ್ಟ್ ಹ್ಯಾಮಿಗೆ ಬಂದಾಗ ಕೆಳಗಿನ ಫ್ಲ್ಯಾಟಿನಲ್ಲಿ ಸೆಲಿನ್ ಬಾಯಿ ಇದ್ದರು. ಉಡುಪಿ ಕಡೆಯ ಕೆಥೊಲಿಕ್ ಹೆಂಗಸು. ದೇವರೊಡನೆ ಕೊಂಕಣಿ, ನನ್ನೊಡನೆ ಕನ್ನಡ, ಉಕ್ಕಿ ಹರಿಯುವ ಹಾಲಿನೊಡನೆ ತುಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಕಸದ ಗಾಡಿ ಯಾವ ವಾರ ಬರುತ್ತದೆಂದು ಕೇಳಲು ನಾನು ಮೊದಲ ಸಲ ಬಾಗಿಲು ತಟ್ಟಿದಾಗ ಅವರ ಟಿ.ವಿ.ಯಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ನಡೆಯುತ್ತಿತ್ತು. ಒಬ್ಬ ಹುಡುಗಿ ಉದ್ದದ ರಿಬ್ಬನ್ ಬೀಸುತ್ತ ಕುಣಿಯುತ್ತಿದ್ದಳು.

"ಇದೆಂತದು ಮಾರಾಯ್ರೆ, ರಿಬ್ಬನ್ ಬೀಸಿದ್ರೂ ಚಿನ್ನದ ಮೆಡಲ್ ಕೊಡ್ತಾರಾ?" ಎಂದರು, ನಾನು ಯಾರೆಂದು ಕೇಳುವ ಮೊದಲೇ. "ಹಾಗಾದ್ರೆ ನಮ್ಮ ಚೆನ್ನೆಮಣೆ ಎಂತ ಪಾಪ ಮಾಡಿದೆ?"

ಚೆನ್ನೆಮಣೆ ಎಂದರೆ ಎರಡು ಸಾಲು ಗುಳಿ ಕೊರೆದ ಮರದ ಮಣೆ. ಗುಳಿಗಳಲ್ಲಿ ಮಂಜೊಟ್ಟಿ ಮರದ ಕೆಂಪು ಬೀಜಗಳನ್ನೇ ಕಾಯಿಗಳಾಗಿ ತುಂಬಿ, ಒಂದರಿಂದ ಎತ್ತಿ ಮುಂದಿನವಕ್ಕೆ ಒಂದೊಂದೇ ಬಿಡುತ್ತ ಆಡುವುದು. ಅವರದು ಅಮ್ಮ ಕೊಟ್ಟದ್ದು, ಹಡಗಿನಲ್ಲಿ ಬಂದದ್ದು, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಮೈಸೂರಿನವಳಾದ ನಾನು, "ನಮ್ಮ ಕಡೆ ಇದಕ್ಕೆ ಅಳಗುಳಿಮಣೆ ಅಂತೀವಿ, ಬೇಜಾರಾದಾಗೆಲ್ಲ ಆಡ್ತೀವಿ" ಎಂದೆ.

"ಬೇಜಾರಾದಾಗೆಲ್ಲ?" ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಚೆನ್ನೆ ಆಡ್ಲಿಕ್ಕೆ ಆಟಿ ತಿಂಗಳೇ ಆಗ್ಬೇಕು. ಆಟಿ ಕಳೆದ ಕೂಡ್ಲೆ ನಮ್ಮಮ್ಮ ಮಣೆ ಅಟ್ಟಕ್ಕೆ ಹಾಕ್ತಿದ್ರು."

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಆಟಿ. ಒಲಿಂಪಿಕ್ಸ್ ಕೂಡ ಅದೇ ಸಮಯಕ್ಕೆ ಬರುವುದರಿಂದ, ಅದನ್ನು ಶುರುಮಾಡಿದವರು ಉಡುಪಿ ಕಡೆಯವರೇ ಇರಬೇಕೆಂದು ಅವರ ಗುಮಾನಿ. ಸಿಡ್ನಿಯವರು ಸೆಪ್ಟೆಂಬರಿನಲ್ಲಿ ಆಡಿಸಿದಾಗ ಬಹಳ ನೊಂದುಕೊಂಡರು. "ಆಟಿ ಕಳೆದ ಮೇಲೆ ಎಂತ ಆಟ!"

ಆ ಮನೆಯಲ್ಲಿ ನನ್ನ ಜಾಗ ಹಸಿರು ಕುರ್ಚಿ. ಅದರಲ್ಲಿ ಹೂತುಕೊಂಡು ನಾನು ಲಗೋರಿಯ ಪರ ವಾದಿಸುತ್ತಿದ್ದೆ. ಲಗೋರಿಯಲ್ಲಿ ಓಟವಿದೆ, ಗುರಿಯಿದೆ, ಬೆನ್ನಿಗೆ ಬೀಳುವ ಚೆಂಡಿನ ಚುರುಕಿದೆ. ಹೈ ಸ್ಟ್ರೀಟಿನ ಸೀರೆ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವುದನ್ನೂ ಒಲಿಂಪಿಕ್ಸಿಗೆ ಸೇರಿಸಬೇಕು, ಆದರೆ ಅದರಲ್ಲಿ ನಮ್ಮವರು ಯಾರೂ ಗೆಲ್ಲುವುದಿಲ್ಲ ಎಂದೆ. ಸೆಲಿನ್ ಬಾಯಿ ಎಲ್ಲವನ್ನೂ ಕೇಳಿ, "ಓಡುದು ನಾಯಿಗೂ ಗೊತ್ತುಂಟು. ಬೆರಳಿಗೆ ಬುದ್ಧಿ ಬೇಕಾದದ್ದು ಚೆನ್ನೆಗೆ ಮಾತ್ರ" ಎಂದು ವಾದ ಮುಗಿಸುತ್ತಿದ್ದರು. ಆಮೇಲೆ ಮಣೆ ಇಳಿಸಿ ನನ್ನನ್ನು ಸೋಲಿಸುತ್ತಿದ್ದರು. ಪ್ರತಿ ಆಟಿಯಲ್ಲೂ ಇದೇ ಕತೆ.

ಅಥೆನ್ಸ್ ಒಲಿಂಪಿಕ್ಸಿನ ಹಿಂದಿನ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಮಾತು ಮರಳಿತು, ಬಲಗೈ ಮಾತ್ರ ಮುನಿಸಿಕೊಂಡಿತು. ಬುದ್ಧಿಯಿದ್ದ ಬೆರಳುಗಳು ಚಮಚಕ್ಕೂ ಬಾಗುತ್ತಿರಲಿಲ್ಲ. ಫಿಸಿಯೋ ಹುಡುಗಿ ಪ್ಲಾಸ್ಟಿಕ್ ಮೊಳೆಗಳನ್ನು ತೂತಿಗೆ ಸಿಕ್ಕಿಸುವ ಹಲಗೆಯೊಂದನ್ನು ಕೊಟ್ಟು ಹೋದಳು. "ಮಕ್ಕಳ ಆಟದ ಸಾಮಾನು" ಎಂದು ಅವರು ಅದನ್ನು ಮುಟ್ಟಲಿಲ್ಲ. ದಿನವಿಡೀ ಆ ಕೈಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದರೆ ಮಣೆ ಮೇಜಿನ ಮೇಲಿದೆ! ಹೊರಗೆ ಹಿಮ ಬೀಳುತ್ತಿತ್ತು. ಇದ್ಯಾವ ಆಟಿ ಎಂದು ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು: "ಇದು ಆಟ ಅಲ್ಲ, ಪ್ರ್ಯಾಕ್ಟೀಸ್. ಆ ಓಡುವವರೆಲ್ಲ ನಾಲ್ಕು ವರ್ಷ ಪ್ರ್ಯಾಕ್ಟೀಸ್ ಮಾಡುದಿಲ್ವಾ? ನೀವು ಎದುರು ಕೂರ್ಬೇಡಿ, ಪಕ್ಕ ಕೂರಿ. ಎದುರು ಕೂತ್ರೆ ಆಟ ಆಗ್ತದೆ."

ಪಕ್ಕದಲ್ಲಿ ಕೂತೆ. ಎತ್ತಿದ ಕಾಯಿ ಜಾರುವುದು, ಮತ್ತೆ ಎತ್ತುವುದು, ಮತ್ತೆ ಜಾರುವುದು. ನಾನು ಹೆಕ್ಕಿಕೊಡಲು ಬಗ್ಗಿದರೆ ಗದರುತ್ತಿದ್ದರು. ಈಸ್ಟರ್ ಹೊತ್ತಿಗೆ ಹೆಬ್ಬೆರಳು ತೋರುಬೆರಳು ರಾಜಿಯಾದವು. ಬೇಸಿಗೆಗೆ ಮುಷ್ಟಿ ತುಂಬ ಕಾಯಿ ಹಿಡಿದು ನಿಧಾನವಾಗಿ ಬಿತ್ತತೊಡಗಿದರು. ಆಟಿ ಬಂದ ದಿನ ನನ್ನನ್ನು ಎದುರಿನ ಹಸಿರು ಕುರ್ಚಿಗೆ ಕಳಿಸಿ, "ಬೇಕೂಂತ ಸೋತ್ರೆ ಜಾಗ್ರತೆ" ಎಂದರು. ನಾನು ಬೇಕೆಂದು ಸೋಲಲಿಲ್ಲ. ಮಾಮೂಲಿನಂತೆ ಸೋತೆ.

ಆ ಆಟಿಯ ಕೊನೆಯ ವಾರ, ಆಟದ ನಡುವೆ, ಒಂದು ಕಾಯಿ ಕಡಿಮೆ ಬಿತ್ತು. ಅವರ ಮುಖ ಸಪ್ಪಗಾಯಿತು. "ನನ್ನ ಕೈಯಿಂದ್ಲೇ ಬಿದ್ದದ್ದು. ನನಗೆ ಗೊತ್ತಾಗ್ಲೇ ಇಲ್ಲ ನೋಡಿ" ಎಂದರು. ಅವರು ಕೂತಿದ್ದ ಸೋಫಾ ಸರಿಸಿದೆವು, ಅದರಡಿಯ ಕಂಬಳಿ ಕೊಡವಿದೆವು, ಅವರ ಬಟ್ಟೆಯ ಮಡಿಕೆಗಳನ್ನು ತಡವಿದೆವು. ಎಲ್ಲೂ ಇಲ್ಲ. ಬದಲಿಗೆ ಕಡಲೆಕಾಳು ಇಡೋಣ ಎಂದೆ. "ಬಿದ್ದದ್ದು ಗೊತ್ತಾಗದ ಕೈಗೆ ಚೆನ್ನೆ ಯಾಕೆ?" ಎಂದು ಉಳಿದ ಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರು. ಬಲಗೈ ಮತ್ತೆ ಸೆರಗಿನಡಿ ಸೇರಿತು.

ಮರುವರ್ಷ ಲಂಡನ್ನಿನ ಇನ್ನೊಂದು ತುದಿಯ ಗ್ರೀನ್‌ಫರ್ಡಿನಲ್ಲಿದ್ದ ತಂಗಿಯ ಮನೆಗೆ ಹೊರಟರು. "ಕೂತು ಕೂತು ನಿಮ್ಮದೇ ಆಗಿದೆ" ಎಂದು ಹಸಿರು ಕುರ್ಚಿಯನ್ನು ನನಗೆ ಬಿಟ್ಟುಹೋದರು. ಲಂಡನ್ನಿಗೆ ಒಲಿಂಪಿಕ್ಸ್ ಸಿಕ್ಕಿದಾಗ ಫೋನ್ ಮಾಡಿ, "ಆಟ ನಡೆಯುವ ಸ್ಟ್ರಾಟ್‌ಫರ್ಡ್ ನಿಮಗೆ ಹತ್ತಿರ ಅಲ್ವಾ, ಲಗೋರಿಗೆ ಹೇಳಿನೋಡಿ" ಎಂದರು. ಚೆನ್ನೆಯ ಹೆಸರೆತ್ತಲಿಲ್ಲ. ನಿಮ್ಮ ತಂಗಿಯ ಜೊತೆಯಾದರೂ ಆಡಿ ಎಂದೆ. "ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡ್ಬಾರದು, ಜಗಳ ಆಗ್ತದೆ. ಹೇಗೂ ನನ್ನದು ಮುಗೀತಲ್ಲ" ಎಂದು ನಕ್ಕರು. ಆ ನಗು ನನಗೆ ಹಿಡಿಸಿರಲಿಲ್ಲ.

ಈಗ ಹೇಳಿ, ಈ ಕಾಯಿ ಸಿಕ್ಕಿದ್ದು ಎಲ್ಲಿ? ನಾನು ಕೂರುತ್ತಿದ್ದ ಕುರ್ಚಿಯ ಸಂದಿಯಲ್ಲಿ. ಅವರು ನನ್ನ ಎದುರು, ಮೇಜಿನ ಆಚೆ ಕೂರುತ್ತಿದ್ದರು. ಅಂದು ನಾವು ಅವರ ಕಡೆ ಹುಡುಕಿದ್ದೇ ಹುಡುಕಿದ್ದು. ಗಟ್ಟಿಮುಟ್ಟಾದ ಕೈಯಿಂದಲೂ ಕಾಯಿ ಜಾರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಧೂಳಿನ ಕೈಯಲ್ಲೇ ಗ್ರೀನ್‌ಫರ್ಡಿಗೆ ಫೋನ್ ಮಾಡಿದೆ.

"ಸೆಲಿನ್ ಬಾಯಿ, ಕಾಯಿ ಸಿಕ್ತು. ನನ್ನ ಕುರ್ಚಿಯೊಳಗೆ ಇತ್ತು. ಬೀಳಿಸಿದ್ದು ನಾನು ಕಣ್ರೀ, ನೀವಲ್ಲ."

ಆ ಕಡೆ ಟಿ.ವಿ.ಯ ಸದ್ದು ತಗ್ಗಿತು. ಅವರೂ ಒಲಿಂಪಿಕ್ಸೇ ನೋಡುತ್ತಿದ್ದರು.

"ಹಾಗಾದ್ರೆ ನನ್ನ ಕೈ ಅಲ್ಲ" ಎಂದರು.

"ಅಲ್ಲ."

ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಹಳೆಯ ಗದರಿಕೆಯ ದನಿ: "ಮತ್ತೆ ಎಂತ ನೋಡ್ತಾ ಕೂತಿದ್ದೀರಿ ಮಾರಾಯ್ರೆ? ಆಟಿ ಮುಗೀಲಿಕ್ಕೆ ಇನ್ನು ನಾಲ್ಕೇ ದಿನ ಉಂಟು. ಟ್ಯೂಬ್ ರೈಲು ಹಿಡಿದು ಬನ್ನಿ. ಕಾಯಿ ಮರೀಬೇಡಿ."

ಡಿಸ್ಟ್ರಿಕ್ಟ್ ಲೈನಿನ ರೈಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಯಿ ಎಡಗೈ ಮುಷ್ಟಿಯಲ್ಲಿದೆ. ಮೈಲ್ ಎಂಡಿನಲ್ಲಿ ರೈಲು ಬದಲಿಸಬೇಕು, ಆಗ ಜಾರದಿದ್ದರೆ ಸಾಕು. ಇವತ್ತೂ ಸೋಲುತ್ತೇನೆ, ಅದರಲ್ಲಿ ಅನುಮಾನವಿಲ್ಲ.