ಟ್ರೇಸರ್ ಅಕ್ಕ ಎಣಿಸಿದ ಕಾಲುಗಳು

ಅವರ ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು; ಅದರ ಸುತ್ತ ಎಷ್ಟು ಉಜ್ಜಿದರೂ ಹೋಗದ ಕಪ್ಪು ಶಾಯಿ. ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅವರು ಟ್ರೇಸರ್. ಇಂಜಿನಿಯರರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತೆಗೆಯುವ ಕೆಲಸ. ಧಾರವಾಡದ ಕಡೆಯವರು. ಬೆಳಗಾವಿಯಿಂದ ಬಂದ ನನಗೆ ನೆಟ್ಟಗೆ ಒಂದು ಗೆರೆ ಎಳೆಯುವುದನ್ನು ಕಲಿಸಿದವರು. ನಾವೆಲ್ಲ ಟ್ರೇಸರ್ ಅಕ್ಕ ಎನ್ನುತ್ತಿದ್ದೆವು.

ಅವರಿಗೆ ಚಿಟ್ಟೆಗಳ ಹುಚ್ಚು. ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದರೆ ಇವರು ಕಾರ್ಖಾನೆಯ ಹಿಂದಿನ ನಲ್ಲಿಯ ಕೆಸರಿನ ಹತ್ತಿರ ಕುಕ್ಕರಗಾಲಲ್ಲಿ ಕೂರುವರು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪೆನ್ಸಿಲ್. ಹಿಡಿಯುತ್ತಿರಲಿಲ್ಲ, ಕೊಲ್ಲುತ್ತಿರಲಿಲ್ಲ, ಫೋಟೋ ತೆಗೆಯುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುತ್ತಿದ್ದರು. ಗುರುತು ಸಿಗದೆ ನಾನು ಪೇಚಾಡಿದರೆ, "ಹೆಸರು ಆಮ್ಯಾಲ ಕೇಳ್ರಿ, ಮೊದ್ಲ ಕಾಲ ಎಣಸ್ರಿ" ಎನ್ನುವರು. ಭಾನುವಾರದ ಚಿಟ್ಟೆ ಬಳಗಕ್ಕೆ ನನ್ನನ್ನು ಎಳೆದುಕೊಂಡು ಹೋದವರೂ ಅವರೇ. ಅಲ್ಲಿನವರು ನನ್ನ ಇಂಗ್ಲಿಷಿಗೆ ಮರುಳಾಗಿ, ಯಾವ ದಿನ ಯಾವ ಚಿಟ್ಟೆ ಕಂಡಿತು ಎಂಬ ಪಟ್ಟಿ ಬರೆಯುವ ಕೆಲಸ ನನಗೆ ಒಪ್ಪಿಸಿದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ.

ಒಂದು ಮಳೆಗಾಲದ ಕೊನೆಗೆ ಅಕ್ಕ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು. ಆ ನಲ್ಲಿಯ ಕೆಸರಿನಲ್ಲಿ ಅವರು ಮಲಬಾರ್ ರೇವನ್ ಕಂಡಿದ್ದರು. ದಕ್ಷಿಣದ ಮಳೆಕಾಡಿನ ಚಿಟ್ಟೆ ಅದು. ಎಲ್ಲೆಡೆ ಹಾರಾಡುವ ಕಾಮನ್ ಕ್ರೋ ಚಿಟ್ಟೆ ಕಹಿ, ಹಕ್ಕಿಗಳು ಮುಟ್ಟುವುದಿಲ್ಲ. ರೇವನ್ ಅದೇ ವೇಷ ಹಾಕಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಆದರೆ ಕ್ರೋ ನಿಲ್ಲುವುದು ನಾಲ್ಕು ಕಾಲ ಮೇಲೆ, ರೇವನ್ ಆರರ ಮೇಲೆ. ಅಕ್ಕನ ಚಿತ್ರದಲ್ಲಿ ಆರು ಕಾಲಿದ್ದವು.

ನಾನು ಚಿಟ್ಟೆ ಪುಸ್ತಕದ ನಕಾಶೆ ತೆಗೆದೆ. ರೇವನ್ ಇರುವ ಜಾಗದ ಬಣ್ಣ ಪುಣೆಯಿಂದ ಬಹಳ ಕೆಳಗೇ ನಿಂತಿತ್ತು.

"ಇಲ್ಲಿ ಬರೋದಿಲ್ರಿ ಅದು" ಎಂದೆ.

"ಪುಸ್ತಕ ಓದಿ ಹಾರ್ತಾವೇನ್ರಿ ಪಾತರಗಿತ್ತಿ? ಹವಾ ಭಾಳ ಬದಲಾಗ್ಯದ. ಅವೂ ಜಾಗಾ ಹುಡಕ್ತಾವ."

ಅಷ್ಟರಲ್ಲಿ ನಾನು ಅವರ ಮೇಲೆ ಚೆಕರ್ ಆಗಿದ್ದೆ. ನಮ್ಮ ವಿಭಾಗದ ಪದ್ಧತಿ ಹೀಗಿತ್ತು: ಚೆಕರ್ ಕೆಂಪು ಶಾಯಿಯಲ್ಲಿ ತಿದ್ದಿದರೆ ಟ್ರೇಸರ್ ಪಕ್ಕದಲ್ಲೇ ಒಪ್ಪಿಗೆಯ ಸಹಿ ಹಾಕಬೇಕು. ನಾನು, ದೊಡ್ಡ ಮನುಷ್ಯ, ರೇವನ್ ಎಂಬುದನ್ನು ಹೊಡೆದು ಹಾಕಿ ಕೆಂಪಿನಲ್ಲಿ ಕ್ರೋ ಎಂದು ಬರೆದು ನೋಟ್‌ಬುಕ್ಕನ್ನು ಅವರ ಕಡೆ ತಳ್ಳಿದೆ. ಕೈಯ ಅಭ್ಯಾಸ ಎಂದು ಬಹಳ ವರ್ಷ ಹೇಳಿಕೊಂಡೆ. ಅಭ್ಯಾಸವಲ್ಲ, ಸೊಕ್ಕು. ಅವರು ನನ್ನ ಮುಖ ನೋಡಿದರು. "ಚೆಕರ್ ನೀವ ಅದೀರಲ್ಲ" ಎಂದು ಸಹಿ ಹಾಕಿದರು. ಒಂದು ಮಾತು ಬೈಯಬಾರದಿತ್ತೆ? ಆ ಸಹಿಗಾಗಿ ಅವರ ಮೇಲೂ ನನಗೆ ಸಿಟ್ಟಿದೆ. ಮತ್ತೆಂದೂ ಅವರು ಬಳಗಕ್ಕೆ ಬರಲಿಲ್ಲ.

ನಿವೃತ್ತರಾದ ಎರಡನೇ ವರ್ಷ ತೀರಿಕೊಂಡರು.

ಹೋದ ವರ್ಷ ಭೋಸರಿಯಲ್ಲೇ ಯಾರೋ ಒಬ್ಬನ ಕ್ಯಾಮೆರಾಕ್ಕೆ ರೇವನ್ ಸಿಕ್ಕಿತು. ಬಳಗದ ಮುಖ್ಯಸ್ಥರು ಅವನಿಗೆ ಶಾಲು ಹೊದಿಸಿ, ಈ ಭಾಗದಲ್ಲಿ ಇದೇ ಮೊದಲು ಎಂದು ಸಾರಿದರು. ನನ್ನ ಮೈ ಉರಿದುಹೋಯಿತು. ಅಕ್ಕನ ಮಗಳ ಹತ್ತಿರ ನೋಟ್‌ಬುಕ್ ಬೇಡಿ ತಂದು ಮುಂದಿನ ಸಭೆಯಲ್ಲಿ ಮುಖ್ಯಸ್ಥರ ಮುಂದೆ ಕುಕ್ಕಿದೆ. "ಪಾಯ ಮೋಜಾ!" ಕಾಲು ಎಣಿಸಿ ಎಂದು ಮರಾಠಿಯಲ್ಲಿ ಕೂಗಿದೆ.

ಮುಖ್ಯಸ್ಥರು ಕನ್ನಡಕ ಏರಿಸಿ ಪುಟ ನೋಡಿದರು. ಕಾಲು ಎಣಿಸಲಿಲ್ಲ. ಕೆಂಪು ಅಕ್ಷರದ ಪಕ್ಕ ಬೆರಳಿಟ್ಟರು. "ಅಹೋ, ಹೀ ತ್ಯಾಂಚೀಚ ಸಹೀ ಆಹೇ ನಾ?" ಸಹಿ ಅವರದೇ ಅಲ್ಲವೆ, ಅವರೇ ಕ್ರೋ ಎಂದು ಒಪ್ಪಿದ್ದಾರಲ್ಲ ಎಂದರು.

ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನೇ ಬರೆದ ಬಳಗದ ಪಟ್ಟಿಯಲ್ಲಿ ಆ ದಿನದ ಎದುರು ಇವತ್ತಿಗೂ ಕಾಮನ್ ಕ್ರೋ ಎಂದೇ ಇದೆ. ಗೆರೆ ಕಲಿಸಿದ ಕೈಯಿಂದಲೇ ಸುಳ್ಳಿಗೆ ಸಹಿ ಹಾಕಿಸಿದವನು ನಾನು.