ಚಿಲಕ ಬಡಿಯದ ಗುಲ್ಜಾರಬಿ

ಗುಲ್ಜಾರಬಿ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯ ಆಯಾ. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರುವುದು, ಸಂಜೆ ತಿರುಗಿ ಮುಟ್ಟಿಸುವುದು ಅವಳ ಕೆಲಸ. ಆ ಕಾಲದಲ್ಲಿ ಆಯಾ ಬಂದು ಕೂಗದಿದ್ದರೆ ಎಷ್ಟೋ ಮನೆಯವರು ಮಗಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆ ಹಿಂಡಿನಲ್ಲಿ ಇಪ್ಪತ್ತೆರಡು ವರ್ಷದ ಎಮ್ಮೆಯಂಥ ನಾನೂ ಇದ್ದೆ. ನಗುವವರು ನಗಲಿ.

ನಾನು ಉಡಚವ್ವ. ನಲವತ್ತೇಳರ ಚಳಿಗಾಲದಲ್ಲಿ ನಿಜಾಮನ ಸೀಮೆಯಿಂದ ಓಡಿಬಂದವಳು. ಅಲ್ಲಿ ರಜಾಕಾರರ ಹಾವಳಿ; ಒಂದು ಮಧ್ಯಾಹ್ನ ಯಾರೋ ನಮ್ಮ ಬಾಗಿಲ ಚಿಲಕ ಬಡಿದರು. ನನ್ನ ಗಂಡ ಯಮನಪ್ಪ ತೆರೆಯಲು ಹೋದ. ತಿರುಗಿ ಒಳಗೆ ಬರಲಿಲ್ಲ. ತವರಿನಲ್ಲಿ ಏಳನೆಯ ಇಯತ್ತೆ ಪಾಸಾಗಿದ್ದೆ ಎಂದು ಅಣ್ಣ ನನ್ನನ್ನು ಶಿಕ್ಷಕಿಯರ ಟ್ರೇನಿಂಗಿಗೆ ಹಚ್ಚಿ, ಧಾರವಾಡದ ಸಪ್ತಾಪುರದಲ್ಲಿ ಒಂದು ಖೋಲಿ ಹಿಡಿದುಕೊಟ್ಟ. ಅತ್ತಿಗೆ ಮಾತ್ರ, “ಮತ್ತ ನಮ್ಮ ಮನಿಗೆ ಬರಬ್ಯಾಡ,” ಎಂದು ಮುಖಕ್ಕೇ ಹೇಳಿದ್ದಳು.

ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಮಕ್ಕಳೆದುರು ಪಾಠ ಮಾಡಿ ತೋರಿಸುವ ದಿನ ಎರಡು ಸಲ ಬಂದಿತ್ತು. ಎರಡು ಸಲವೂ ನಾನು ಖೋಲಿ ಬಿಟ್ಟು ಹೊರಡಲಿಲ್ಲ. ಮೂರನೆಯ ಸಲ ತಪ್ಪಿಸಿದರೆ ಹೆಸರು ತೆಗೆಯುತ್ತೇವೆ ಎಂದರು. ಹೆಸರು ತೆಗೆದರೆ ನನಗೆ ಹೋಗಲು ಯಾವ ಮನೆಯೂ ಇರಲಿಲ್ಲ.

ಆಗ ಗುಲ್ಜಾರಬಿ ತಾನಾಗಿಯೇ ಬಂದಳು. ಮೊದಲ ದಿನ ಚಿಲಕ ಬಡಿದಳು. ನಾನು ಒಲೆಯ ಮಗ್ಗುಲಲ್ಲಿ ಮುದುಡಿ ಕುಳಿತು ಅತ್ತೆ. ಕೇಳಿಸಿರಬೇಕು.

“ಅಂಜಬ್ಯಾಡ ಯವ್ವಾ, ನಾ ಸಾಲಿ ಆಯಾ. ಇಲ್ಲೇ ರಸ್ತಾದಾಗ ನಿಂತೇನಿ, ಕಿಡಕ್ಯಾಗಿಂದ ನೋಡು.”

ನೋಡಿದರೆ ಬುರಖಾ! ಖರೇ ಹೇಳುತ್ತೇನೆ, ಆ ಮುದುಕಿಗೂ ನಾನು ಅಂಜಿದೆ. ಅವಳು ಮುಸುಕು ಎತ್ತಿ ಬೊಚ್ಚು ಬಾಯಿ ತೋರಿಸಿದಳು. ಅಂದಿನಿಂದ ಚಿಲಕ ಮುಟ್ಟಲಿಲ್ಲ. ದಿನವೂ ನಡುರಸ್ತೆಯಲ್ಲಿ ನಿಂತು, ಮುಖ ತೋರಿಸಿ, “ಉಡಚವ್ವಾ, ಸಾಲಿಗೆ ಹೊತ್ತಾತು!” ಎಂದು ಕೂಗುವಳು. ನಾನು ಹುಡುಗಿಯರ ಸಾಲಿನಲ್ಲಿ ಅವಳ ಬುರಖಾ ತಾಗುವಷ್ಟು ಹತ್ತಿರ ನಡೆಯುವೆ.

ಮೂರನೆಯ ಪಾಠ ಮರುವರ್ಷದ ಸೆಪ್ಟೆಂಬರಿನಲ್ಲಿ ಬಂತು. ಅದೇ ವಾರ ಭಾರತದ ಸೈನ್ಯ ನಿಜಾಮನ ಸೀಮೆ ಹೊಕ್ಕಿತ್ತು. ಪಾಠದ ಬೆಳಿಗ್ಗೆ ಗುಲ್ಜಾರಬಿ ಬರಲಿಲ್ಲ. ಎಷ್ಟು ಕಾದರೂ ಅವಳ ಕೂಗು ಕೇಳಲಿಲ್ಲ. ಕಿಟಕಿಯ ಹೊರಗೆ ಇಬ್ಬರು ಮಾತಾಡುತ್ತ ಹೋದರು: “ಆ ಸಾಬರ ಓಣ್ಯಾಗ ನಿನ್ನಿ ಕಲ್ಲು ಬಿದ್ದಾವಂತ. ಯಾರೂ ಬಾಗಲಾ ತಗಿವಲ್ರು.”

ಆದರೂ ಹೊರಟೆ. ದೊಡ್ಡ ಮನಸ್ಸು ಮಾಡಿ ಅವಳ ಮನೆಗೆ ಹೋದೆ ಎಂದು ತಿಳಿಯಬೇಡಿ. ಶಾಲೆ ದೂರ, ದಾರಿಯಲ್ಲಿ ಅವಳು ತೋರಿಸಿದ್ದ ಅವಳ ಮನೆಯ ಓಣಿ ಸಮೀಪ. ಒಬ್ಬಳೇ ಅಷ್ಟೇ ನಡೆಯಬಲ್ಲೆ ಅನ್ನಿಸಿತ್ತು. ಗೋಡೆಗೆ ಮೈ ತಾಗಿಸಿಕೊಂಡು ನಡೆದೆ. ಹಿಂದೆ ಸೈಕಲ್ ಗಂಟೆ ಬಾರಿಸಿದರೆ ಅಲ್ಲೇ ನಿಂತುಬಿಡುತ್ತಿದ್ದೆ.

ಅವಳ ಬಾಗಿಲು ಮುಚ್ಚಿತ್ತು. ಚಿಲಕಕ್ಕೆ ಕೈ ಹಾಕಿದೆ. ಒಳಗೆ ಯಾರೋ ಉಸಿರು ಬಿಗಿಹಿಡಿದ ಹಾಗಾಯಿತು. ಆ ಉಸಿರು ನನಗೆ ಗೊತ್ತು. ಕೈ ತೆಗೆದು ನಡುರಸ್ತೆಗೆ ಬಂದು ನಿಂತೆ. ತಲೆಯ ಮೇಲಿನ ಸೆರಗು ಸರಿಸಿ ಮುಖ ತೋರಿಸಿದೆ.

“ಗುಲ್ಜಾರಬೀ, ಹೊರಗ ಬರ್ರಿ! ಸಾಲಿಗೆ ಹೊತ್ತಾತು!”

ಬಾಗಿಲು ಬೆರಳಿನಷ್ಟು ತೆರೆಯಿತು. “ಒಬ್ಬಾಕಿನ ಬಂದಿಯೇನ ಯವ್ವಾ?”

“ಹೌದ್ರಿ.”

“ಬುರಖಾ ಹಾಕ್ಕೊಳ್ಳಲೋ, ಬ್ಯಾಡೋ?” ಎಂದು ಕೇಳಿದಳು.

ನನಗೆ ಅಳು ಬಂತು. “ಹಾಕ್ಕೊಳ್ರಿ. ದಿನಾ ಬಂದಂಗ ಬರ್ರಿ.”

ದಾರಿಯಲ್ಲಿ ಹುಡುಗಿಯರ ಹೆಸರು ಹಿಡಿದು ಕೂಗಿದವಳು ನಾನು. ಅವಳಿಗೆ ದನಿಯೇ ಏಳಲಿಲ್ಲ. ಶಾಲೆ ಮುಟ್ಟಿದಾಗ ತಡವಾಗಿತ್ತು. ಪರೀಕ್ಷಕರು ಗಡಿಯಾರ ನೋಡಿದರು, ನಮ್ಮಿಬ್ಬರನ್ನೂ ನೋಡಿದರು.

“ಸುರು ಮಾಡ್ರಿ, ಅಕ್ಕೋರ,” ಎಂದು ಶಿಕ್ಷಕಿಗೆ ಹೇಳುವ ಹಾಗೆಯೇ ಹೇಳಿದರು.

ಗುಲ್ಜಾರಬಿ ಹೊರಗೆ ಹೋಗಲಿಲ್ಲ. ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತಳು. ನಾನು ಬಾಗಿಲು ಹಾಕದೆ ಪಾಠ ಸುರು ಮಾಡಿದೆ.