ಮೊಸರಿನ ಗಡಿಗೆಯ ಮೇಲಿನ ಭವಾನಿ

ಎಂಟಾಣೆಯ ಮೇಲೆ ಕಾಗದ ಹಾಸಿ ಪೆನ್ಸಿಲ್ ತಿಕ್ಕಿದರೆ ಕಾಗದದ ಮೇಲೂ ಒಂದು ಎಂಟಾಣೆ ಮೂಡುತ್ತದೆ ಎಂಬುದೇ ನಮಗೆ ದೊಡ್ಡ ಜಾದೂ ಆಗಿದ್ದ ಕಾಲ ಅದು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಮೋರಖಂಡಿಯ ನಮ್ಮ ಓಣಿಯ ಹುಡುಗಿಯರೆಲ್ಲ ಮಳೆಗಾಲದ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ಕೈಗೆ ಸಿಕ್ಕದ್ದನ್ನೆಲ್ಲ ಕಾಗದಕ್ಕೆ ಇಳಿಸುತ್ತಿದ್ದೆವು. ಅಂಗಿಯ ಗುಂಡಿ, ಬಾಗಿಲ ಚಿಲಕ, ಆಯಿ ಎಂದು ಕರೆಯುತ್ತಿದ್ದ ಅಜ್ಜಿಯ ಕಾಲುಂಗುರ, ಯಾವುದನ್ನೂ ಬಿಡುತ್ತಿರಲಿಲ್ಲ. ಒದ್ದೆ ಕಂಬಳಿಯ ವಾಸನೆ, ಒಲೆಯ ಮೇಲೆ ಹುರಿಯುವ ಶೇಂಗಾದ ವಾಸನೆ, ಹಿತ್ತಲಿಂದ ಬರುವ ಕುರಿಹಿಕ್ಕೆಯ ವಾಸನೆ ಮೂರೂ ಕೂಡಿದರೆ ಅದೇ ನಮ್ಮ ಮನೆ.

ಹೀಗೆ ಹುಡುಕುತ್ತ ಹುಡುಕುತ್ತ ಒಂದು ದಿನ ನನ್ನ ಕಣ್ಣು ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಬಿತ್ತು.

ಅದು ಅಂಗೈ ಅಗಲದ ಕಂಚಿನ ಬಿಲ್ಲೆ. ನಡುವೆ ಉದ್ದ ನಿಲುವಂಗಿಯ ಹೆಣ್ಣುಮಗಳು, ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಸಿಂಹ. ತುಳಜಾಪುರದ ಭವಾನಿಯಲ್ಲದೆ ಇನ್ಯಾರು? ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ. ನಮ್ಮ ಮುತ್ಯಾನ, ಅಂದರೆ ಅಜ್ಜನ, ತಂದೆ ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲಿಷರ ಲಷ್ಕರಿಗೆ ಸೇರಿ ಸಮುದ್ರ ದಾಟಿದವನು. ಹೊರಟಾಗ ಮುತ್ಯಾ ಇನ್ನೂ ತೊಟ್ಟಿಲಲ್ಲಿದ್ದ. ನಾಲ್ಕೈದು ವರ್ಷದ ಮೇಲೆ ಟಪಾಲಿನವನು ಈ ಬಿಲ್ಲೆಯನ್ನೂ ಒಂದು ಕಾಗದವನ್ನೂ ತಂದುಕೊಟ್ಟ. ಊರಲ್ಲಿ ಉರ್ದು ಓದುವವರಿದ್ದರು, ಮರಾಠಿಯ ಮೋಡಿ ಲಿಪಿ ಓದುವವರಿದ್ದರು, ಇಂಗ್ಲಿಷ್ ಬಲ್ಲವರು ಒಬ್ಬರೂ ಇರಲಿಲ್ಲ. ಅಂದಿನ ಪಟೇಲರು ಅದನ್ನು ಹೊರಳಿಸಿ ತಿರುಗಿಸಿ ನೋಡಿ, "ಸರಕಾರದ ಇನಾಮು ಬಂದದವ್ವಾ. ನಿನ್ನ ಗಂಡ ಛಲೋ ನೌಕರಿ ಮಾಡಾಕತ್ತಾನ" ಎಂದರಂತೆ. ಮುತ್ಯಾನ ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಗಂಡ ದೇವಿಯನ್ನೇ ಕಳಿಸಿದ್ದಾನೆಂದು ಸಾಯುವತನಕ ಅದಕ್ಕೆ ಕುಂಕುಮ ಹಚ್ಚಿದಳು. ಕೈತುಂಬ ಹಸಿರು ಬಳೆ ತೊಟ್ಟೇ ಮಣ್ಣಾದಳು.

ಮುತ್ಯಾ ಮಾತ್ರ ಬೇರೆಯೇ ತಿಳಿದಿದ್ದ. ಇನಾಮು ಬಂತು, ಅಪ್ಪ ಬರಲಿಲ್ಲ. ಅಂದಮೇಲೆ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ. ಹಡಗು ಬಸ್ರಾಕ್ಕೆ ಹೋಯಿತೆಂದು ಕೇಳಿದ್ದ ಊರೂ ಹಾಗೇ ಆಡಿಕೊಂಡಿತ್ತು. "ನಿಮ್ಮಪ್ಪಗ ಬಸ್ರಾದಾಕಿ ಸಿಕ್ಕಾಳೋ" ಎಂಬ ಕುಹಕ ಕೇಳುತ್ತಲೇ ಬೆಳೆದವನು ಅವನು. ಅವ್ವನ ದಿನಕರ್ಮ ಮುಗಿದದ್ದೇ ತಡ, ಬಿಲ್ಲೆಯನ್ನು ಜಗಲಿಯಿಂದ ತೆಗೆದು ಮೊಸರಿನ ಗಡಿಗೆ ಮುಚ್ಚಲು ಆಯಿಯ ಕೈಗೆ ಕೊಟ್ಟ. ಆಯಿ ಗಡಿಗೆ ತೆರೆಯುವಾಗೊಮ್ಮೆ, ಮುಚ್ಚುವಾಗೊಮ್ಮೆ ಅದನ್ನು ಕಣ್ಣಿಗೊತ್ತಿಕೊಳ್ಳುವಳು. ಮುತ್ಯಾ ಮುಖ ತಿರುವುವನು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಹಿಡಿಯುವಾಗ ಎಲ್ಲರ ಹೆಸರೂ ಬರುತ್ತಿತ್ತು, ಅವನ ಅಪ್ಪನದೊಂದು ಬಿಟ್ಟು. ಕೇಳಿದರೆ, "ಎಲ್ಲೋ ಉಂಡ್ಕೊಂಡು ಇದ್ದವಗ ಎಡಿ ಯಾಕ?" ಎನ್ನುವನು. ಆ ಹೆಸರನ್ನು ನಾವು ಮಕ್ಕಳು ಕೇಳಿಯೇ ಇರಲಿಲ್ಲ. ಹೆಂಡತಿ ಮರ್ಯಾದೆಗೆ ಎತ್ತಲಿಲ್ಲ, ಮಗ ಸಿಟ್ಟಿಗೆ ಎತ್ತಲಿಲ್ಲ.

ಅವತ್ತು ಆಯಿ ಮುಚ್ಚಳವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದಳು. ಸಂದಿಯಲ್ಲಿ ಕಲ್ಲಾಗಿ ಕೂತಿದ್ದ ಹಳೆಯ ಕುಂಕುಮವನ್ನು ನಾನು ಜಾಲಿಮುಳ್ಳಿನಿಂದ ಕೆದರಿ ತೆಗೆದೆ. ಹಾಳೆ ಹಾಸಿ ಪೆನ್ಸಿಲ್ ತಿಕ್ಕಿದೆ. ಮೊದಲು ಸಿಂಹ ಬಂತು, ಆಮೇಲೆ ದೇವಿ, ಆಮೇಲೆ ಸಿಂಹದ ತಲೆಯ ಮೇಲೊಂದು ಚೌಕ, ಚೌಕದೊಳಗೆ ಇಂಗ್ಲಿಷ್ ಅಕ್ಷರ. ನಾನು ಆರನೇ ಇಯತ್ತೆ. ಕೂಡಿಸಿ ಓದುವುದು ಆಗಷ್ಟೇ ಬಂದಿತ್ತು. ಆ ಸೊಕ್ಕಿನಲ್ಲಿ ಓಣಿಗೆಲ್ಲ ಕೇಳುವ ಹಾಗೆ ಓದಿದೆ: "ಮಾ... ಲ... ಪಾ. ಮಾಲಪಾ!"

ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದ ಮುತ್ಯಾನ ಕೈ ನಿಂತಿತು.

"ಏನಂದಿ ಪೋರಿ? ಆ ಹೆಸರು ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮುತ್ಯಾ. ಇಲ್ಲೇ ಬರ್ದದ ನೋಡು."

"ಮಾಳಪ್ಪ," ಎಂದ ಮುತ್ಯಾ ತನ್ನಷ್ಟಕ್ಕೆ. ಆಯಿ ಒಲೆಯ ಮುಂದಿಂದ ಎದ್ದು ಬಂದಳು. "ಮತ್ತೇನೇನು ಬರ್ದಾರ, ಓದವ್ವಾ."

ಅಂಚಿನ ಸುತ್ತ ಸಣ್ಣ ಅಕ್ಷರಗಳಿದ್ದವು. ಮೊದಲಿನೆರಡು ಶಬ್ದ ಮಾತ್ರ ನನಗೆ ಗೊತ್ತಿದ್ದವು. ನಮ್ಮ ಇಂಗ್ಲಿಷ್ ಪಾಠದ ಮುದಿ ರಾಜನೊಬ್ಬ ಅವೇ ಶಬ್ದದಲ್ಲಿ ತೀರಿಕೊಂಡಿದ್ದ. "ಅವ ಸತ್ತ ಅಂತ ಅದ ಆಯಿ."

"ಸುಳ್ಳು," ಎಂದ ಮುತ್ಯಾ. "ಇನಾಮಿನ ಮ್ಯಾಲ ಯಾರರ ಸತ್ತ ಅಂತ ಬರೀತಾರೇನು? ಮೂಗು ಒರಸಾಕ ಬರದ ಪೋರಿ ಮಾತು ನಂಬಲೇನು ನಾ?"

"ಹುಟ್ಟಿದಾಗಿಂದ ಊರ ಮಂದಿ ಮಾತು ನಂಬೀರಿ," ಎಂದಳು ಆಯಿ. "ಒಂದಿನ ಮನಿ ಕೂಸಿನ ಮಾತು ನಂಬ್ರಿ."

ಮೂರು ದಿನ ಮುತ್ಯಾ ಬಿಲ್ಲೆಯನ್ನು ಯಾರ ಕೈಗೂ ಕೊಡಲಿಲ್ಲ. ಅದು ಅವನ ತಲೆದಿಂಬಿನ ಕೆಳಗಿತ್ತು. ಗಡಿಗೆಗೆ ಸ್ಟೀಲಿನ ತಾಟು ಮುಚ್ಚಿದರೆ ಬೆಕ್ಕು ಅದನ್ನು ಉರುಳಿಸಿ ಎರಡು ದಿನದ ಮೊಸರು ತಿಂದು ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮುತ್ಯಾ ರುಮಾಲು ಸುತ್ತಿಕೊಂಡು ನನ್ನನ್ನು ಕರೆದ. "ನಡಿ, ಹುಮನಾಬಾದಿಗೆ ಹೋಗೂನು."

ಹುಮನಾಬಾದಿನಲ್ಲಿ ನಮ್ಮ ಅತ್ತೆಯ ಮನೆ. ಅವರ ನೆರೆಮನೆಯಲ್ಲಿ ಫೌಜಿನಿಂದ ಪೆನ್ಶನ್ ಆಗಿ ಬಂದ ಹವಾಲ್ದಾರ ಸಾಹೇಬರಿದ್ದರು. ಕಲ್ಯಾಣಕ್ಕೆ ಬಂದು ಬಸ್ಸು ಬದಲಿಸಿದೆವು. ಬಿಲ್ಲೆ ಟವೆಲ್ಲಿನಲ್ಲಿ ಸುತ್ತಿ ಅವನ ತೊಡೆಯ ಮೇಲೆ, ನನ್ನ ಪೆನ್ಸಿಲಿನ ಹಾಳೆ ಅವನ ರುಮಾಲಿನ ಮಡಿಕೆಯಲ್ಲಿ. ರಾಜೇಶ್ವರ ದಾಟುವತನಕ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತಿದ್ದವನು ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ: "ಪೋರಿ, ಓಡಿಹೋದ ಅನ್ನೂದಕ್ಕ ಇಂಗ್ಲಿಷಿನಾಗ ಏನಂತಾರ? ಅದೇನರ ಬರ್ದಾರೇನು, ಮತ್ತೊಮ್ಮಿ ನೋಡು."

ಅವನ ರುಮಾಲಿನಿಂದ ಹಾಳೆ ತೆಗೆದು ನಾನು ಮತ್ತೆ ಅಕ್ಷರ ಕೂಡಿಸತೊಡಗಿದೆ.

ಹವಾಲ್ದಾರ ಸಾಹೇಬರು ಟವೆಲ್ಲು ಬಿಚ್ಚಿದವರೇ ಬಿಲ್ಲೆಯನ್ನು ಮುಟ್ಟದೆ ಎದ್ದುಹೋಗಿ ಕೈ ತೊಳೆದುಕೊಂಡು ಬಂದರು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಯ್ದರು.

"ಮುತ್ಯಾ, ಇದು ಇನಾಮಲ್ರಿ. ಲಡಾಯಿದಾಗ ಜೀವ ಬಿಟ್ಟವರ ಮನಿಗೆ ಕಳಸ್ತಿದ್ರು. ಅವ ಸತ್ತ, ಮಾನಕ್ಕಾಗಿ ಸತ್ತ ಅಂತ ಸುತ್ತ ಬರ್ದದ. ಈಕಿನೂ ಭವಾನಿ ಅಲ್ರಿ, ಇಂಗ್ಲಿಷರು ತಮ್ಮ ದೇಶಾನೇ ಹಿಂಗ ಹೆಣ್ಣಮಗಳ ಮಾಡಿ ಕೆತ್ಯಾರ."

"ಓಡಿಹೋದವರಿಗೂ ಕೊಡ್ತಿದ್ರೇನ್ರಿ?"

"ಓಡಿಹೋದವರ ಮನಿಗೆ ಕಂಚಲ್ರಿ, ವಾರಂಟು ಬರ್ತದ!"

ಮುತ್ಯಾ ಯಾವ ದಿನ, ಯಾವ ಊರು ಎಂದು ಕೇಳಿದ. ಅದು ಬಿಲ್ಲೆಯ ಮೇಲಿರಲಿಲ್ಲ. ಜೊತೆಗೆ ಬಂದ ಕಾಗದದಲ್ಲಿ ಇತ್ತೇನೋ. ಅದನ್ನು ಗೆದ್ದಲು ಎಂದೋ ತಿಂದಿತ್ತು.

ತಿರುಗಿ ಬರುವಾಗ ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿ ತಾನು ಬರೀ ನೀರು ಕುಡಿದ. "ನಮ್ಮವ್ವಗ ಇದನ್ನ ಓದಿ ಹೇಳೋರು ಒಬ್ಬರೂ ಇರಲಿಲ್ಲ ನೋಡು," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಛಲೋನೇ ಆತು. ಇಪ್ಪತ್ತರೊಳಗ ಆಕಿ ಬಳಿ ಒಡಸ್ತಿದ್ರು." ಬಸ್ಸು ಹೊರಟ ಮೇಲೆ ಟವೆಲ್ಲಿನ ಗಂಟು ಸವರುತ್ತ ಇನ್ನೊಂದು ಮಾತಾಡಿದ. ಅದು ನನಗಲ್ಲ, ಗಂಟಿಗೆ: "ನಾ ನಿನ್ನ ಭಾಳ ಬೈದೀನೋ ಯಪ್ಪಾ."

ಮಹಾಲಯ ಅಮಾವಾಸ್ಯೆಗೆ ಹದಿನೈದೇ ದಿನ ಉಳಿದಿತ್ತು. ಆಯಿ ಆ ಸಲ ಬೆಳಗಾಗುವ ಮೊದಲೇ ಬೇಳೆ ಬೇಯಿಸಿದಳು. ಹೂರಣದ ಏಲಕ್ಕಿ, ಕಟ್ಟಿನ ಸಾರಿನ ಒಗ್ಗರಣೆ ಹಿತ್ತಲವರೆಗೂ ಘಮ್ಮೆನ್ನುತ್ತಿತ್ತು. ಮುತ್ಯಾ ಬಿಲ್ಲೆಯನ್ನು ಮತ್ತೆ ಜಗಲಿಯ ಮೇಲಿಟ್ಟ. ಹೋಳಿಗೆಯ ಎಡೆ ಎದುರಿಗಿಟ್ಟುಕೊಂಡು, ಮುಗಿಯಲೆಂದು ಎತ್ತಿದ ಕೈಯನ್ನು ಕೆಳಗಿಳಿಸಿದ.

"ಅವಗ ಏನು ಸೇರತಿತ್ತೋ ಏನೋ. ಅದೂ ಗೊತ್ತಿಲ್ಲ ನನಗ."

"ನಿಮ್ಮವ್ವ ಒಮ್ಮಿ ಅಂದಿದ್ಲು," ಎಂದಳು ಆಯಿ. "ಗಡಿಗಿ ಮಸರು ಇಲ್ದ ತುತ್ತು ಎತ್ತತಿರಲಿಲ್ಲಂತ."

ಮುತ್ಯಾ ಬಿಲ್ಲೆಯನ್ನೇ ನೋಡಿದ. ಆಯಿ ಅವನಿಗೆ ಅಳಲು ಪುರಸೊತ್ತು ಕೊಡಲಿಲ್ಲ. "ಹಂಗಾರ ಇಷ್ಟು ವರ್ಷ ಅವರನ್ನ ತಪ್ಪು ಜಾಗಾದಾಗ ಏನೂ ಇಟ್ಟಿಲ್ಲ ಬಿಡ್ರಿ ನೀವು. ದಿನಾ ಎಡಿ ಮುಟ್ಟೇದ!"

ಮುತ್ಯಾ ನಕ್ಕ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ. ಎಡೆಯ ಪಕ್ಕಕ್ಕೊಂದು ಬಟ್ಟಲು ಮೊಸರಿಟ್ಟು, ತನ್ನ ಜೀವಮಾನದಲ್ಲಿ ಮೊದಲ ಸಲ ಆ ಹೆಸರು ಹಿಡಿದು ಎಡೆಗೆ ಕರೆದ: "ಉಣ್ಣು ಬಾ, ಮಾಳಪ್ಪ, ನಮ್ಮಪ್ಪ."

ಮುತ್ಯಾ, ಆಯಿ ಇಬ್ಬರೂ ಈಗ ಅದೇ ಎಡೆಯ ಹೆಸರುಗಳಾಗಿದ್ದಾರೆ. ಈಚೆಗೆ ನನ್ನ ಮಗಳು ಫೋನಿನಲ್ಲಿ ಹುಡುಕಿ, ಹವಾಲ್ದಾರ ಸಾಹೇಬರಿಗೂ ಸಿಗದಿದ್ದ, ಮಾಳಪ್ಪ ಸತ್ತ ದಿನವನ್ನು, ಊರನ್ನು ಚಹಾ ಆರುವುದರೊಳಗೆ ತೆಗೆದುಕೊಟ್ಟಳು. ಬಸ್ರಾವೇ ಹೌದು; ಊರು ಬಿಟ್ಟ ಎರಡನೆಯ ವರ್ಷವೇ. ಓದಿ ಹೇಳಲು ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಕೇಳಿ ಕೈಯ ನೂಲು ನಿಲ್ಲಿಸುವವರು ಯಾರೂ ಉಳಿದಿಲ್ಲ. ಅಮಾವಾಸ್ಯೆಗೆ ನಾನು ತಪ್ಪದೆ ಬಟ್ಟಲು ಇಡುತ್ತೇನೆ, ಬಿಲ್ಲೆಯ ಮುಂದೆ ಕೈ ಮುಗಿಯುತ್ತೇನೆ. ಆದರೆ ಗಡಿಗೆ ಒಡೆದು ವರ್ಷಗಳಾದವು. ಕತ್ತರಿಯಿಂದ ಮೊಸರಿನ ಪಾಕೀಟು ಕತ್ತರಿಸಿ ಸುರಿಯುವಾಗ ಪ್ರತಿ ಸಲವೂ ಮುತ್ಯಾನ ಅಪ್ಪನಲ್ಲಿ ಕ್ಷಮೆ ಕೇಳುತ್ತೇನೆ. ಈ ಮೊಸರಿಗೆ ಮುಚ್ಚಳ ಬೇಕಾಗುವುದಿಲ್ಲ.